ಎಲೆಯ ತುದಿಯ ಉಪ್ಪು: ಒಂದು ಪ್ರಕರಣ

ಮಾವ ಉಪ್ಪು ಬಡಿಸಿಲ್ಲ ಎಂದರು. ಅತ್ತೆ ಬಡಿಸಿದ್ದೇನೆ ಎಂದರು. ಇಬ್ಬರ ನಡುವೆ ಬಾಳೆಲೆಯ ಮೇಲೆ ಉಪ್ಪು ಇತ್ತು, ನಾನೇ ಕಂಡೆ. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಇಂಥ ಜಗಳ ಹೊಸದಲ್ಲ. ಆದರೆ ಅಂದಿನ ಜಗಳದಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅದು ನನಗೆ ಹೊಳೆಯಲು ಎರಡು ವಾರ ಹಿಡಿಯಿತು.

ಮಾವ ಎಂದರೆ ನನ್ನ ಸೋದರಮಾವ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಕ್ಕೆ, ಗುಡ್ಡದ ಬುಡದಲ್ಲಿ. ಅಡಿಕೆ ತೋಟ, ತೋಟಕ್ಕೆ ನೀರುಣಿಸುವ ಒಂದು ಸುರಂಗ, ಅಂಗಳದ ತುಂಬ ಒಣಗಲು ಹರಡಿದ ಅಡಿಕೆ. ವಯಸ್ಸು ಎಪ್ಪತ್ತರ ಹತ್ತಿರ. ಮಳೆಗಾಲ ಮುಗಿದು ಕೊಯಿಲು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವರ ಎಡಗೈಯಿಂದ ಕಾಫಿಯ ಲೋಟ ಜಾರಿತು. ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಮೆದುಳಿನ ಬಲಭಾಗದ ರಕ್ತನಾಳವೊಂದರಲ್ಲಿ ಹೆಪ್ಪು. ಮೆದುಳಿನ ನೆತ್ತಿಯ ಕಡೆಯ ಪರೈಟಲ್ ಹಾಲೆ ಮತ್ತು ಕಿವಿಯ ಕಡೆಯ ಟೆಂಪೊರಲ್ ಹಾಲೆ ಸೇರುವ ಜಾಗದ ಸುತ್ತ ಹಾನಿಯಾಗಿದೆ ಎಂದು ಸ್ಕ್ಯಾನಿನ ವರದಿ ಹೇಳಿತು. ಒಂದು ತಿಂಗಳಲ್ಲಿ ಎಡಗೈಯ ಬಲ ಬಹುಪಾಲು ಮರಳಿತು, ಮಾತು ಕೆಟ್ಟಿರಲೇ ಇಲ್ಲ. ಮಾವನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಎಂದದ್ದು ಅವರಲ್ಲ, ಅತ್ತೆ.

ಊಟದ ಹೊತ್ತು

ನಮ್ಮ ಕಡೆ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುತ್ತದೆ. ಆ ತುದಿಯಲ್ಲಿ ಮೊದಲು ಉಪ್ಪು, ಅದರ ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಪಲ್ಯ. ಅನ್ನ ಎಲೆಯ ನಡುವಿನಿಂದ ಬಲಕ್ಕೆ. ಅತ್ತೆ ಉಪ್ಪು ಬಡಿಸಿದಾಗ ಮಾವ ಎಲೆ ನೋಡುತ್ತಲೇ "ಸಾಕು, ಸಾಕು" ಎಂದಿದ್ದರು. ಪಲ್ಯ ಬಂತು, ಅನ್ನ ಬಂತು, ಸಾರು ಬಂತು. ಎರಡು ತುತ್ತು ಉಂಡ ಮೇಲೆ ತಲೆ ಎತ್ತಿ, "ಇವತ್ತೂ ಉಪ್ಪು ಹಾಕಲಿಲ್ಲ ನೀನು" ಎಂದರು.

"ಈಗಷ್ಟೇ ಸಾಕು ಸಾಕು ಎಂದವರು ಯಾರು?" ಎಂದು ಅತ್ತೆ ಕೇಳಿದರು.

"ಎಂದೆ. ಹಾಕಿದ್ದರೆ ಇರಬೇಕಿತ್ತಲ್ಲ?"

ಇದು ಐದಾರು ದಿನಗಳಿಂದ ನಡೆಯುತ್ತಿತ್ತಂತೆ. ಮನೆಯಲ್ಲಿ ಆಗಲೇ ಮೂರು ತೀರ್ಪುಗಳು ಸಿದ್ಧವಾಗಿದ್ದವು. ಅತ್ತೆಯ ಪ್ರಕಾರ ಇದು ಶುದ್ಧ ಹಟ. ರಕ್ತದೊತ್ತಡಕ್ಕೆಂದು ವೈದ್ಯರು ಉಪ್ಪು ಕಡಿಮೆ ಮಾಡಿಸಿದ್ದರಿಂದ ಎರಡನೆಯ ಸಲ ಹಾಕಿಸಿಕೊಳ್ಳುವ ಉಪಾಯ. ಭಾವನ, ಅಂದರೆ ಅವರ ಮಗನ, ಪ್ರಕಾರ ಮರೆವು ಶುರುವಾಗಿದೆ. ನೆರೆಮನೆಯವರ ಪ್ರಕಾರ ಕಣ್ಣಿನ ಪೊರೆ. ಮಂಗಳೂರಿನ ಕಾಲೇಜೊಂದರಲ್ಲಿ ಮನೋವಿಜ್ಞಾನ ಕಲಿಸುವ ನನಗೆ ನಾಲ್ಕನೆಯದೊಂದು ತೀರ್ಪು ಇರಲೇಬೇಕಲ್ಲ! ಎಡಭಾಗದ ದೃಷ್ಟಿಯೇ ಹೋಗಿದೆ ಎಂದೆ. ಬಲಮೆದುಳಿನ ಹಿಂಭಾಗ ಕೆಟ್ಟರೆ ಎರಡೂ ಕಣ್ಣುಗಳಿಗೆ ಎಡ ಅರ್ಧ ಕುರುಡಾಗುವುದುಂಟು.

ನಾಲ್ಕೂ ತಪ್ಪು. ಮರೆವಂತೂ ಅಲ್ಲವೇ ಅಲ್ಲ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಕೇಳಿದ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳಿದವರು ಎಲ್ಲಿ ಎಡವಿದರು ಎಂದು ಅವರು ನನಗೆ ಅರ್ಧ ಗಂಟೆ ವಿವರಿಸಿದ್ದರು. ನನ್ನ ತೀರ್ಪು ಬಿದ್ದುಹೋದದ್ದು ಆಸ್ಪತ್ರೆಯ ಬಿಡುಗಡೆ ಪತ್ರದ ಒಂದು ಸಾಲಿನಿಂದ: ದೃಷ್ಟಿಯ ಹರವು ಎರಡೂ ಕಡೆ ಪೂರ್ಣವಾಗಿದೆ. ಆ ಪತ್ರವನ್ನು ನಾನು ಮೊದಲೇ ಓದಿದ್ದೆ ಎಂಬುದು ಬೇರೆ ಮಾತು.

ಸುಳಿವು ಕೊಟ್ಟವರು ಪಂಚಾಯತಿನ ಪಾಲಿಯೇಟಿವ್ ಆರೈಕೆಯ ನರ್ಸ್. ಮನೆ ಮನೆಗೆ ಬಂದು ರಕ್ತದೊತ್ತಡ ನೋಡಿ ಹೋಗುವ ಅವರು ಮಲಯಾಳದಲ್ಲಿ ಕೇಳುತ್ತಾರೆ, ಮಾವ ಅರ್ಧ ಮಲಯಾಳ ಅರ್ಧ ತುಳುವಿನಲ್ಲಿ ಉತ್ತರಿಸುತ್ತಾರೆ. "ನಾನೊಬ್ಬಳೇ ಎಡಗಡೆಯಿಂದ ಬಂದರೆ ಇವರು ಕೂಡಲೇ ನಗುತ್ತಾರೆ, ಮಗ ಬಲಗಡೆ ಕುಳಿತಿರುವಾಗ ಅದೇ ಎಡಗಡೆಯಿಂದ ಬಂದರೆ ನಾನು ಬಂದದ್ದೇ ಗೊತ್ತಾಗುವುದಿಲ್ಲ" ಎಂದು ನರ್ಸ್ ಹೇಳಿಹೋದರು. ಅದನ್ನು ಕೇಳಿ ನಾನು ಒಂದು ನಿಮಿಷ ಸುಮ್ಮನೆ ಕುಳಿತೆ. ಹದಿನೈದು ವರ್ಷ ತರಗತಿಯಲ್ಲಿ ಓದಿ ಹೇಳಿದ ಪಾಠ ಮನೆಯ ಜಗಲಿಯಲ್ಲಿ ಕುಳಿತಿತ್ತು, ನಾನು ಗುರುತಿಸಿರಲಿಲ್ಲ.

ಬೆರಳಿನ ಪರೀಕ್ಷೆ

ಮಾವನ ಎದುರು ಕುಳಿತು, ನನ್ನ ಮೂಗನ್ನೇ ನೋಡಿ ಎಂದು ಹೇಳಿ, ಎರಡೂ ಕೈಗಳನ್ನು ಅಗಲಿಸಿ ಹಿಡಿದೆ. ಅವರ ಎಡಗಡೆಯ ಬೆರಳೊಂದನ್ನೇ ಆಡಿಸಿದರೆ "ಎಡ" ಎಂದರು. ಬಲಗಡೆಯದನ್ನು ಆಡಿಸಿದರೆ "ಬಲ" ಎಂದರು. ಎರಡನ್ನೂ ಒಟ್ಟಿಗೆ ಆಡಿಸಿದೆ. "ಬಲ" ಎಂದರು. ಮತ್ತೆ ಆಡಿಸಿದೆ, ಮತ್ತೆ "ಬಲ". ಹತ್ತು ಸಲ ಎರಡೂ ಆಡಿದರೆ ಏಳೆಂಟು ಸಲ ಹೀಗೇ. ಕೊನೆಗೆ ಅವರಿಗೇ ಸಿಟ್ಟು ಬಂತು: "ಎರಡನ್ನೂ ಆಡಿಸುತ್ತೇನೆ ಎಂದು ಹೇಳಿ ಒಂದನ್ನೇ ಆಡಿಸಿ ನನ್ನನ್ನು ಮಂಗ ಮಾಡುತ್ತೀಯಾ?"

ವೈದ್ಯರು ಇದನ್ನು ಎಕ್ಸ್‌ಟಿಂಕ್ಷನ್ ಎನ್ನುತ್ತಾರೆ. ದೀಪ ನಂದಿದಂತೆ ಎಂಬ ಅರ್ಥದಲ್ಲಿ ನಾನಿಲ್ಲಿ ನಂದುವಿಕೆ ಎನ್ನುತ್ತೇನೆ. ಒಂಟಿಯಾಗಿ ಬಂದ ಎಡಗಡೆಯ ವಸ್ತು ಕಾಣುತ್ತದೆ. ಬಲಗಡೆ ಇನ್ನೊಂದು ಬಂದ ಕೂಡಲೇ ಎಡಗಡೆಯದು ಅರಿವಿನಿಂದ ನಂದಿಹೋಗುತ್ತದೆ. ಕಣ್ಣನ್ನು ಒಂದೊಂದೇ ಕಡೆ ಪರೀಕ್ಷಿಸುವವರಿಗೆ ಇದು ಸಿಗುವುದೇ ಇಲ್ಲ, ಏಕೆಂದರೆ ಒಂದೊಂದೇ ಕಡೆ ಎಲ್ಲವೂ ಸರಿಯಾಗಿರುತ್ತದೆ. ಬಲಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಇದು ಹೆಚ್ಚು. ಎಡಭಾಗವನ್ನೇ ಅಲಕ್ಷಿಸುವ, ನೆಗ್ಲೆಕ್ಟ್ ಎಂಬ ಸ್ಥಿತಿಯೂ ಇದರ ಜೊತೆಗೆ ಹಲವರಲ್ಲಿ ಇರುತ್ತದೆ. ಮಾವನಲ್ಲಿ ಅದರ ಸಣ್ಣ ಉಳಿಕೆ ಇತ್ತೆಂದು ನನ್ನ ಊಹೆ. ಇಲ್ಲವಾದರೆ ಊಟ ಮುಗಿಯುವವರೆಗೂ ಕಣ್ಣು ಒಮ್ಮೆಯಾದರೂ ತುದಿಗೆ ಹೊರಳಬೇಕಿತ್ತು.

ಈಗ ಎಲೆಯನ್ನು ನೋಡಿ. ಖಾಲಿ ಎಲೆಯ ಮೇಲೆ ಉಪ್ಪು ಬಿದ್ದಾಗ ಬಲಗಡೆ ಏನೂ ಇಲ್ಲ, ಅದು ಕಾಣುತ್ತದೆ, "ಸಾಕು" ಎನ್ನುತ್ತಾರೆ. ಅನ್ನ ಬಿದ್ದ ಮೇಲೆ ಉಪ್ಪು ನಂದಿತು. ಅದೇ ಎಲೆ, ಅದೇ ಉಪ್ಪು, ಅದೇ ಕಣ್ಣು.

ಒಳಗೆ ನಡೆಯುವ ಪೈಪೋಟಿ

ಇದನ್ನು ರೋಗದ ವಿಚಿತ್ರ ಎಂದು ಬದಿಗಿಟ್ಟರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಮಾವನಿಗೆ ಆದದ್ದು ನನಗೂ ನಿಮಗೂ ಪ್ರತಿ ಕ್ಷಣ ಆಗುತ್ತಿರುವುದರ ಉಬ್ಬಿದ ರೂಪ.

ಕಣ್ಣಿನಿಂದ ಬಂದ ಸುದ್ದಿ ಮೆದುಳಿನ ಹಿಂಭಾಗಕ್ಕೆ ಮುಟ್ಟಿದಾಗ ಅಲ್ಲಿನ ಒಂದೊಂದು ಜೀವಕೋಶವೂ ನೋಟದ ಚಿಕ್ಕ ತುಣುಕೊಂದನ್ನು ಮಾತ್ರ ಕಾಯುತ್ತದೆ. ಅಲ್ಲಿಂದ ಮುಂದಿನ ಹಂತಗಳಿಗೆ ಹೋದಂತೆ ಕಾಯುವ ಜಾಗ ದೊಡ್ಡದಾಗುತ್ತದೆ. ನಾಲ್ಕನೆಯ ದೃಷ್ಟಿಪ್ರದೇಶದ, ಅಂದರೆ ವಿ4 ಎನ್ನುವಲ್ಲಿನ, ಒಂದು ಕೋಶದ ಕಿಟಕಿಯೊಳಗೆ ಎರಡು ಮೂರು ವಸ್ತುಗಳು ಒಟ್ಟಿಗೆ ಬೀಳಬಹುದು. ಆದರೆ ಕೋಶಕ್ಕೆ ಇರುವುದು ಒಂದೇ ಬಾಯಿ. ಎರಡು ವಸ್ತುಗಳ ಬಗ್ಗೆ ಅದು ಒಂದೇ ಉತ್ತರ ಕೊಡಬೇಕು. 1985ರಲ್ಲಿ ಜೆಫ್ರಿ ಮೊರಾನ್ ಮತ್ತು ರಾಬರ್ಟ್ ಡೆಸಿಮೋನ್ ಮಂಗಗಳ ಮೆದುಳಿನ ಇಂಥ ಕೋಶಗಳನ್ನು ಆಲಿಸಿದರು. ಕೋಶಕ್ಕೆ ಪ್ರಿಯವಾದ ಒಂದು ವಸ್ತು, ಪ್ರಿಯವಲ್ಲದ ಇನ್ನೊಂದು, ಎರಡನ್ನೂ ಅದೇ ಕಿಟಕಿಯೊಳಗೆ ಇಟ್ಟರು. ಮಂಗ ಪ್ರಿಯವಲ್ಲದ ವಸ್ತುವಿಗೆ ಗಮನ ಕೊಟ್ಟರೆ ಕೋಶದ ಉತ್ತರ ಇಳಿಯಿತು, ಪ್ರಿಯವಾದದ್ದು ಎದುರಿಗೇ ಇದ್ದರೂ. ಕಿಟಕಿಯೇ ಗಮನ ಕೊಟ್ಟ ವಸ್ತುವಿನ ಸುತ್ತ ಕುಗ್ಗಿಬಿಟ್ಟಂತೆ. ಇನ್ನೊಂದು ವಸ್ತುವನ್ನು ಕಿಟಕಿಯ ಹೊರಗೆ ಇಟ್ಟಾಗ ವಿ4ರಲ್ಲಿ ಈ ಇಳಿತ ಕಾಣಲಿಲ್ಲ. ಜಗಳ ನಡೆಯುವುದು ಒಂದೇ ಕಿಟಕಿಯೊಳಗೆ ಸಿಕ್ಕಿಬಿದ್ದವರ ನಡುವೆ. ನೆರೆಹೊರೆಯವರ ಜಗಳ ಎನ್ನಿ.

ಹತ್ತು ವರ್ಷದ ಮೇಲೆ, 1995ರಲ್ಲಿ, ಡೆಸಿಮೋನ್ ಮತ್ತು ಜಾನ್ ಡಂಕನ್ ಇದನ್ನೇ ಒಂದು ಸಿದ್ಧಾಂತವಾಗಿ ನಿಲ್ಲಿಸಿದರು. ಗಮನ ಎಂದರೆ ಒಂದರಿಂದ ಒಂದಕ್ಕೆ ಓಡಾಡುವ ಟಾರ್ಚ್ ಬೆಳಕು ಎಂಬ ಹಳೆಯ ಚಿತ್ರವನ್ನು ಅವರು ಪಕ್ಕಕ್ಕಿಟ್ಟರು. ವಸ್ತುಗಳು ಮೆದುಳಿನೊಳಗೆ ಸದಾ ಪೈಪೋಟಿ ನಡೆಸುತ್ತವೆ, ಗಮನ ಎಂದರೆ ಆ ಪೈಪೋಟಿಯಲ್ಲಿ ಒಂದು ಕಡೆಗೆ ಬೀಳುವ ವಾಲು. ವಾಲು ಎರಡು ಬಗೆಯದು. ಹೊಳಪು, ಚಲನೆ, ಬೇರೆ ಬಣ್ಣ ಇವು ಹೊರಗಿನಿಂದ ವಾಲಿಸುತ್ತವೆ. ನಾನು ಹುಡುಕುತ್ತಿರುವುದು ಏನು ಎಂಬುದು ಒಳಗಿನಿಂದ ವಾಲಿಸುತ್ತದೆ. 1998ರಲ್ಲಿ ಸಬೀನ್ ಕಾಸ್ಟ್ನರ್ ಮತ್ತು ಸಂಗಡಿಗರು ಮನುಷ್ಯರ ಮೆದುಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ, ಅಂದರೆ ಮೆದುಳಿನ ಯಾವ ಭಾಗ ಎಷ್ಟು ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನಿನಲ್ಲಿ, ನೋಡಿದರು. ನಾಲ್ಕು ಬಣ್ಣದ ಚಿತ್ರಗಳನ್ನು ಒಂದಾದ ಮೇಲೆ ಒಂದರಂತೆ ತೋರಿಸಿದಾಗ ಆದಷ್ಟು ಚಟುವಟಿಕೆ, ನಾಲ್ಕನ್ನೂ ಒಟ್ಟಿಗೆ ತೋರಿಸಿದಾಗ ಆಗಲಿಲ್ಲ. ಪರಸ್ಪರ ಅದುಮಿಕೊಂಡವು. ಒಂದಕ್ಕೆ ಗಮನ ಕೊಡಿ ಎಂದಾಗ ಅದರ ಮೇಲಿನ ಅದುಮು ಸಡಿಲವಾಯಿತು. ಚಿತ್ರಗಳನ್ನು ದೂರ ದೂರ ಇಟ್ಟರೆ ಅದುಮು ಕಡಿಮೆ ಎಂದು ಅವರೇ ಮುಂದೆ ತೋರಿಸಿದರು.

ಅತ್ತೆಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಆದರೆ ಕೈಗೆ ಗೊತ್ತಿದೆ. ಸುಲಿದ ಅಡಿಕೆಯಲ್ಲಿ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಯವನ್ನು ಬೇರೆ ಮಾಡಲು ಕುಳಿತಾಗ ಅವರು ರಾಶಿಯಿಂದ ನೇರವಾಗಿ ಆರಿಸುವುದಿಲ್ಲ. ಒಂದು ಹಿಡಿ ಗೆರಸೆಗೆ ಸುರಿದು, ಅಂಗೈಯಿಂದ ಒಮ್ಮೆ ಹರಡಿ, ಒಂದಕ್ಕೊಂದು ತಾಗದಂತೆ ಮಾಡಿಕೊಂಡು ಆಮೇಲೆ ನೋಡುತ್ತಾರೆ. ರಾಶಿಯಲ್ಲಿ ಪಕ್ಕದ ಅಡಿಕೆಯೇ ಹುಳುಕನ್ನು ಮುಚ್ಚಿಡುತ್ತದೆ ಎಂದು ಅವರ ವಿವರಣೆ. ಮುಚ್ಚುವುದು ನೆರಳಿನಿಂದ ಎಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಕಣ್ಣಿನ ಅಂಚಿನಲ್ಲಿ ಅಕ್ಷರಗಳು ಒತ್ತೊತ್ತಾಗಿದ್ದರೆ ಕಲಸಿಹೋಗುವುದು ಬೇರೆಯೇ ಸಂಗತಿ. ಅದನ್ನು ಕ್ರೌಡಿಂಗ್ ಎನ್ನುತ್ತಾರೆ. ನೋಟದ ನಡುವಿನಿಂದ ಅಕ್ಷರ ಎಷ್ಟು ದೂರವೋ ಅದರ ಅರ್ಧದಷ್ಟಾದರೂ ಅಂತರ ಅಕ್ಕಪಕ್ಕದ ಅಕ್ಷರಗಳ ನಡುವೆ ಬೇಕು ಎಂದು ಹಾಲೆಂಡಿನ ಹರ್ಮನ್ ಬೌಮಾ 1970ರಲ್ಲಿ ತೋರಿಸಿದ್ದರು. ಬಸ್ಸಿನ ಬೋರ್ಡಿನಲ್ಲಿ ದೊಡ್ಡ ಮಲಯಾಳದ ಕೆಳಗೆ ಕನ್ನಡವನ್ನು ಮೂಲೆಗೆ ಅಮುಕಿ ಬರೆದಾಗ ನಮ್ಮೂರಿನವರಿಗೆ ಆಗುವ ಕಷ್ಟದಲ್ಲಿ ಇದರ ಪಾಲೂ ಇದೆ, ಬೇರೆ ಕಾರಣಗಳ ಪಾಲೂ ಇದೆ. ಕ್ರೌಡಿಂಗಿನಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ, ಏನೆಂದು ತಿಳಿಯುವುದಿಲ್ಲ. ಮಾವನಿಗೆ ಇದೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಅವರಲ್ಲಿ ಕೆಟ್ಟದ್ದು ಪೈಪೋಟಿಯ ತಕ್ಕಡಿ. ಮೆದುಳಿನ ಎರಡು ಅರ್ಧಗಳು ಒಂದೊಂದೂ ಎದುರು ಬದಿಗೆ ಗಮನವನ್ನು ಎಳೆಯುತ್ತವೆ, ಒಂದು ಇನ್ನೊಂದನ್ನು ಹಿಡಿದಿಟ್ಟುಕೊಂಡಿರುತ್ತದೆ ಎಂದು ಮಾರ್ಸೆಲ್ ಕಿನ್ಸ್‌ಬೋರ್ನ್ ವಾದಿಸಿದ್ದರು. ಬಲಮೆದುಳು ಸೋತರೆ ಎಡಮೆದುಳಿನ ಎಳೆತಕ್ಕೆ ತಡೆಯಿಲ್ಲ, ಗಮನ ಬಲಕ್ಕೆ ಜಾರುತ್ತದೆ. ಆರೋಗ್ಯವಂತರ ಪರೈಟಲ್ ಹಾಲೆಯ ಮೇಲೆ ತಲೆಯ ಹೊರಗಿನಿಂದಲೇ ಕಾಂತದ ಮಿಡಿತ ಕೊಟ್ಟು ಕೆಲವು ಕ್ಷಣ ಇದೇ ನಂದುವಿಕೆಯನ್ನು ಉಂಟುಮಾಡಿದ ಪ್ರಯೋಗ 1994ರಲ್ಲಿ ಪ್ರಕಟವಾಗಿದೆ. ಮೈಕೆಲ್ ಪೋಸ್ನರ್ ಮತ್ತು ಸಂಗಡಿಗರು 1984ರಲ್ಲಿ ಇನ್ನೊಂದು ಮುಖ ತೋರಿಸಿದ್ದರು. ಪರೈಟಲ್ ಹಾನಿಯಾದವರು ಕೆಟ್ಟ ಬದಿಗೆ ಗಮನ ಕೊಡಬಲ್ಲರು. ಆದರೆ ಗಮನ ಒಮ್ಮೆ ಒಳ್ಳೆಯ ಬದಿಗೆ ಹೋಗಿ ಕಚ್ಚಿಕೊಂಡರೆ ಅಲ್ಲಿಂದ ಬಿಡಿಸಿಕೊಳ್ಳುವುದು ಅವರಿಗೆ ಬಹಳ ಕಷ್ಟ. ಬಿಸಿ ಅನ್ನ, ಅದರ ಮೇಲೆ ಸುರಿಯುವ ಸಾರು, ಬಡಿಸುವ ಕೈ: ಮಾವನ ಬಲಗಡೆ ಕೊಕ್ಕೆಗಳೇ ತುಂಬಿದ್ದವು.

ಕುಚ್ಚಿಲು ಮತ್ತು ಬೆಳ್ತಿಗೆ

ಮುಂದಿನ ವಾರಾಂತ್ಯಗಳಲ್ಲಿ ನಾನು ಊಟವನ್ನು ಸ್ವಲ್ಪ ಗಮನಿಸಿದೆ, ಸ್ವಲ್ಪ ಕೆಡಿಸಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅಕ್ಕಿ. ದಿನನಿತ್ಯ ಆ ಮನೆಯಲ್ಲಿ ಕುಚ್ಚಿಲಕ್ಕಿಯ ಕೆಂಪು ಛಾಯೆಯ ಅನ್ನ. ನಾನು ಹೋದ ದಿನ, ಪೂಜೆಯ ದಿನ, ನೆಂಟರು ಬಂದ ದಿನ ಬೆಳ್ತಿಗೆ, ಅಂದರೆ ಬಿಳಿ ಅನ್ನ. ಉಪ್ಪಿನ ಜಗಳ ಜೋರಾಗಿ ಆಗುತ್ತಿದ್ದದ್ದು ಬೆಳ್ತಿಗೆಯ ದಿನಗಳಲ್ಲಿ. ಉಪ್ಪಿನಕಾಯಿ ಉಪ್ಪಿನ ಪಕ್ಕದಲ್ಲೇ ಇದ್ದರೂ ಅಷ್ಟಾಗಿ ಕಳೆದುಹೋಗುತ್ತಿರಲಿಲ್ಲ.

ಇದಕ್ಕೆ ಹೊಂದುವ ಸಂಗತಿಯೊಂದು ಗೊತ್ತಿತ್ತು. ಗಾರ್ಡನ್ ಬೇಲಿಸ್, ಜಾನ್ ಡ್ರೈವರ್ ಮತ್ತು ರಾಬರ್ಟ್ ರಫಾಲ್ 1993ರಲ್ಲಿ ಇಂಥ ರೋಗಿಗಳಿಗೆ ಎಡಕ್ಕೊಂದು ಬಲಕ್ಕೊಂದು ಬಣ್ಣದ ಅಕ್ಷರ ತೋರಿಸಿದರು. ಬಣ್ಣ ಹೇಳಿ ಎಂದಾಗ ಎರಡರ ಬಣ್ಣವೂ ಒಂದೇ ಆಗಿದ್ದರೆ ಎಡಗಡೆಯದು ಹೆಚ್ಚು ನಂದಿತು, ಆಕಾರ ಬೇರೆಯಿದ್ದರೂ. ಆಕಾರ ಹೇಳಿ ಎಂದಾಗ ಒಂದೇ ಆಕಾರದವು ಹೆಚ್ಚು ನಂದಿದವು. ಅಂದರೆ ಕಷ್ಟ ಇರುವುದು ಬಿಳುಪನ್ನು ಕಾಣುವುದರಲ್ಲಿ ಅಲ್ಲ, ಅದೇ ಬಿಳುಪಿನ ಎರಡನೆಯ ವಸ್ತು ಒಂದಿದೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದರಲ್ಲಿ. ನಾಲ್ಕಾರು ಊಟಗಳನ್ನು ನೋಡಿ ಸಿದ್ಧಾಂತ ಕಟ್ಟಬಾರದು ಎಂಬ ಎಚ್ಚರ ನನಗಿದೆ. ಬೆಳ್ತಿಗೆಯ ದಿನ ಜನವೂ ಹೆಚ್ಚು, ಗಲಾಟೆಯೂ ಹೆಚ್ಚು. ಆದರೂ ಅತ್ತೆಗೆ ಹೇಳಿದೆ. ಅವರು ಎರಡು ದಿನ ಬೆಳ್ತಿಗೆ ಮಾಡಲಿಲ್ಲ. ಮೂರನೆಯ ದಿನ, "ಉಪ್ಪು ಕಾಣಲೆಂದು ದೇವರಿಗೆ ಕುಚ್ಚಿಲಕ್ಕಿಯ ನೈವೇದ್ಯ ಇಡಲೇ?" ಎಂದು ಕೇಳಿದರು.

ನಂದಿದ ವಸ್ತು ಪೂರ್ತಿ ಇಲ್ಲವಾಗುತ್ತದೆಯೇ? ಪತ್ರಿಕೆಯೊಂದನ್ನು ಪರದೆಯಂತೆ ಹಿಡಿದು, ಅದರ ಹಿಂದೆ ಎರಡು ವಸ್ತುಗಳನ್ನಿಟ್ಟು, ಕಣ್ಣು ಹೊರಳುವಷ್ಟು ಸಮಯ ಸಿಗದಂತೆ ಕ್ಷಣ ಮಾತ್ರ ತೆಗೆದು ಮುಚ್ಚಿದೆ. ಬಲಕ್ಕೆ ನಿಂಬೆಹಣ್ಣು, ಎಡಕ್ಕೆ ಒಮ್ಮೆ ನಿಂಬೆ, ಒಮ್ಮೆ ಬೀಗದ ಕೈ. ಏನಿತ್ತು ಎಂದರೆ "ನಿಂಬೆ" ಎಂದಷ್ಟೇ ಹೇಳುತ್ತಿದ್ದರು. ಎರಡೂ ಒಂದೇ ಬಗೆಯವೋ ಬೇರೆಯೋ ಎಂದು ಕೇಳಿದಾಗ, "ಇದ್ದದ್ದು ಒಂದು, ಹೋಲಿಸುವುದು ಯಾವುದಕ್ಕೆ, ನಿನ್ನ ತಲೆಗೆ?" ಎಂದರು. ಊಹಿಸಿ ಹೇಳಿ ಎಂದು ಕಾಡಿದೆ. ಊಹೆಗಳು ಸರಿಯಾಗಿರುವುದೇ ಹೆಚ್ಚಾಯಿತು. ಬ್ರೂಸ್ ವೋಲ್ಪ್, ಜೋಸೆಫ್ ಲೆಡೂ ಮತ್ತು ಮೈಕೆಲ್ ಗಜಾನಿಗ 1979ರಲ್ಲಿ ವರದಿ ಮಾಡಿದ್ದು ಇದನ್ನೇ. ಅವರ ರೋಗಿಗಳೂ ಈ ಪ್ರಶ್ನೆಗೆ ಅರ್ಥವಿಲ್ಲ ಎಂದು ಹೇಳುತ್ತಲೇ ಸರಿಯುತ್ತರ ಕೊಟ್ಟಿದ್ದರು. ಒಂದೇ ಬಗೆಯೋ ಅಲ್ಲವೋ ಎನ್ನಲು ಅರೆಬರೆ ಸುದ್ದಿ ಸಾಕು, ಹೆಸರು ಹೇಳಲು ಪೂರ್ತಿ ಬೇಕು, ಆದ್ದರಿಂದ ಇದನ್ನು ಅರಿವಿಲ್ಲದ ಕಾಣುವಿಕೆ ಎಂದು ಹಿಗ್ಗಬೇಡಿ ಎಂದು ಮಾರ್ಥಾ ಫರಾ ಮತ್ತು ಸಂಗಡಿಗರು 1991ರಲ್ಲಿ ತಕರಾರು ತೆಗೆದರು. ತಕರಾರು ನನಗೆ ಒಪ್ಪಿಗೆ. ಅರೆಬರೆಯಾದರೂ ಸರಿ, ಸುದ್ದಿ ಒಳಗೆ ಬಂದಿತ್ತು ಎಂಬುದಂತೂ ಖಚಿತ, ಅತ್ತೆಯನ್ನು ಒಪ್ಪಿಸಲು ನನಗೆ ಅಷ್ಟು ಸಾಕಾಗಿತ್ತು.

ದಾಸವಾಳದ ಪ್ರಮಾದ

ಎಡಬದಿಗೆ ಕೆಂಪು ಗುರುತೊಂದು ಇರಲಿ, ಅದನ್ನು ಹುಡುಕಿ ಅಲ್ಲಿಂದ ನೋಡಲು ಶುರುಮಾಡಲಿ ಎಂದು ಫಿಸಿಯೋಥೆರಪಿಸ್ಟ್ ಸಲಹೆ ಕೊಟ್ಟಿದ್ದರು. ಓದುವ ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆಯುವುದು ಹಳೆಯ, ಒಳ್ಳೆಯ ಉಪಾಯ. ಎಲೆಗೆ ಗೆರೆ ಎಳೆಯುವುದು ಹೇಗೆ? ಅತ್ತೆ ಅಂಗಳದಿಂದ ಕೆಂಪು ದಾಸವಾಳ ತಂದು ಎಲೆಯ ತುದಿಯಲ್ಲಿ, ಉಪ್ಪಿಗೆ ತಾಗುವಂತೆ ಇಟ್ಟರು. "ನನ್ನನ್ನು ದೇವರ ಪಟ ಮಾಡಿದಿರಾ? ಪಟಕ್ಕೆ ಹೂವು ಏರಿಸುವುದು ಯಾವಾಗ ಎಂದು ಗೊತ್ತಿದೆಯಲ್ಲ?" ಎಂದು ಮಾವ ಕೇಳಿದರು. ಅಂದರೆ ಹೂವು ಕಂಡಿತು. ಅನ್ನ ಬಿದ್ದ ಮೇಲೂ ಕಂಡಿತು.

ಉಪ್ಪು ಕಾಣಲಿಲ್ಲ.

ನಮಗೆಲ್ಲ ಪೆಚ್ಚಾಯಿತು. ಗಮನ ಎಡಕ್ಕೆ ಬಂತು ಎಂದ ಮೇಲೆ ಅಲ್ಲಿರುವುದೆಲ್ಲ ಕಾಣಬೇಡವೇ? ಬೇಡ ಎಂಬುದು ಆ ರಾತ್ರಿ ಹಾಸಿಗೆಯಲ್ಲಿ ನೆನಪಾಯಿತು. 2000ದಲ್ಲಿ ಜೆಫ್ರಿ ಮೌಂಟ್ಸ್ ತೋರಿಸಿದಂತೆ, ಬಣ್ಣದಿಂದ ಎದ್ದು ಕಾಣುವ ವಸ್ತುವಿನ ತೀರ ಪಕ್ಕದಲ್ಲಿರುವುದನ್ನು ಗುರುತಿಸುವುದು ದೂರದಲ್ಲಿರುವುದನ್ನು ಗುರುತಿಸುವುದಕ್ಕಿಂತ ಕಷ್ಟ. ಗಮನದ ಕೇಂದ್ರದ ಸುತ್ತ ಅದುಮುವ ಉಂಗುರವೊಂದು ಇರುತ್ತದೆ ಎಂದು ಯೆನ್ಸ್-ಮ್ಯಾಕ್ಸ್ ಹಾಪ್ಫ್ ಮತ್ತು ಸಂಗಡಿಗರು 2006ರಲ್ಲಿ ಮೆದುಳಿನ ಕಾಂತಕ್ಷೇತ್ರ ಅಳೆದು ತೋರಿಸಿದರು. ಇದು ಆರೋಗ್ಯವಂತರಲ್ಲಿಯೇ. ದೊಡ್ಡ ಮರದ ಬುಡದಲ್ಲಿ ಸಸಿ ಏಳುವುದಿಲ್ಲವಲ್ಲ, ಹಾಗೆ. ಮಾವನ ಸೋತ ಬದಿಯಲ್ಲಿ ನಾವು ಇನ್ನೊಬ್ಬ ಪೈಲ್ವಾನನನ್ನು ತಂದು ಉಪ್ಪಿನ ಪಕ್ಕದಲ್ಲೇ ನಿಲ್ಲಿಸಿದ್ದೆವು. ಅನ್ನದಿಂದ ಪಾರಾಗಿದ್ದರೂ ದಾಸವಾಳಕ್ಕೆ ಸೋಲಬೇಕಿತ್ತು.

ಹೂವನ್ನು ಎಲೆಯಿಂದ ಆಚೆ, ಗೇಣುದೂರ ಎಡಕ್ಕೆ ಸರಿಸಿದೆವು. ಸ್ವಲ್ಪ ವಾಸಿಯಾಯಿತು. ಎಲೆಯನ್ನೇ ತಿರುಗಿಸಿ ತುದಿಯನ್ನು ಬಲಕ್ಕೆ ಮಾಡಿದರೆ ಒಂದೇ ಏಟಿಗೆ ಪರಿಹಾರ ಎಂದೆ. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಆ ಮಾತು ಅಲ್ಲಿಗೇ ನಿಂತಿತು.

ಚೊಂಬು ಬಾಗಿದಾಗ

ಪತ್ರಿಕೆಯ ಪರದೆಯ ಆಟದಲ್ಲಿ ಎಡಕ್ಕೆ ಚೊಂಬು, ಬಲಕ್ಕೆ ಲೋಟ ಇಟ್ಟಿದ್ದೆ. ಮಾವ "ಲೋಟ" ಎಂದಷ್ಟೇ ಹೇಳುತ್ತಿದ್ದರು. ಒಮ್ಮೆ ಚೊಂಬನ್ನು ಕೈಯಲ್ಲಿ ಹಿಡಿದು, ಲೋಟಕ್ಕೆ ನೀರು ಹೊಯ್ಯುವಂತೆ ಬಾಗಿಸಿ ತೋರಿಸಿದೆ. "ಚೊಂಬಿನಿಂದ ಲೋಟಕ್ಕೆ ಹೊಯ್ಯುತ್ತಿದ್ದೀಯ" ಎಂದರು, ತಡವರಿಸದೆ. ಚೊಂಬಿನ ಬಾಯಿಯನ್ನು ಆಚೆ ತಿರುಗಿಸಿ ಅಷ್ಟೇ ಬಾಗಿಸಿದೆ. "ಲೋಟ."

ಇದೂ ಹೊಸದಲ್ಲ, ಆದರೆ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಜೇನ್ ರಿಡಾಕ್, ಗ್ಲಿನ್ ಹಂಫ್ರೀಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಸ್ತುಗಳು ಒಂದೇ ಕೆಲಸದಲ್ಲಿ ತೊಡಗಿದಂತೆ ಸರಿಯಾದ ಭಂಗಿಯಲ್ಲಿದ್ದರೆ ರೋಗಿಗಳಿಗೆ ಎರಡೂ ಕಾಣುವುದು ಹೆಚ್ಚು. ಭಂಗಿ ತಪ್ಪಿದರೆ ಆ ಲಾಭವಿಲ್ಲ. ಒಂದನ್ನೇ ಹೇಳಿದಾಗಲೂ, ಕೆಲಸದ ಜೋಡಿಯಾಗಿದ್ದರೆ ಯಾವ ಬದಿಯಲ್ಲಿದ್ದರೂ ಕೆಲಸ ಮಾಡುವ ವಸ್ತುವನ್ನೇ ಹೇಳುವ ಒಲವು ಕಂಡಿತು. ಅದಕ್ಕೂ ಮೊದಲು, 1997ರಲ್ಲಿ, ಜೇಸನ್ ಮ್ಯಾಟಿಂಗ್ಲಿ, ಗ್ರೆಗ್ ಡೇವಿಸ್ ಮತ್ತು ಡ್ರೈವರ್ ಬೇರೆ ಬೇರೆ ತುಣುಕುಗಳು ಸೇರಿ ಒಂದೇ ಆಕಾರವೆಂದು ತೋರುವಂತೆ ಜೋಡಿಸಿದರೆ ನಂದುವಿಕೆ ಇಳಿಯುತ್ತದೆ ಎಂದು ತೋರಿಸಿದ್ದರು. ಒಂದೇ ಬಗೆಯವು ಎರಡಾಗಿ ನಿಂತರೆ ಎಡಗಡೆಯದಕ್ಕೆ ನಷ್ಟ, ಎರಡೂ ಕೂಡಿ ಒಂದಾದರೆ ಪೈಪೋಟಿಯೇ ಇಲ್ಲ. ಜಗಳವಾಡುತ್ತಿದ್ದ ನೆರೆಯವರು ಒಂದೇ ಮನೆಯವರಾದಂತೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಅಟ್ಟದಿಂದ ಹಳೆಯ ಮರದ ಉಪ್ಪಿನ ಮರಿಗೆಯ ಚಿಕ್ಕದೊಂದನ್ನು ಇಳಿಸಿ ತೊಳೆದರು. ಮರುದಿನ ಎಲೆಯ ಎಡತುದಿಯ ಬಳಿ ಅದು ಕುಳಿತಿತ್ತು. ಒಳಗೆ ಅಳತೆಯ ಉಪ್ಪು, ಅದರಲ್ಲಿ ಒಂದು ಸಣ್ಣ ಮರದ ಚಮಚ, ಚಮಚದ ಹಿಡಿ ಅನ್ನದ ಕಡೆಗೆ ಚಾಚಿಕೊಂಡಿತ್ತು. ಬಲಗೈ ಅನ್ನಕ್ಕೆ ಹೋದಾಗ ಹಿಡಿ ಕಣ್ಣಿಗೆ ಬೀಳುತ್ತದೆ, ಹಿಡಿಯ ಜಾಡಿನಲ್ಲಿ ಮರಿಗೆ, ಮರಿಗೆಯಲ್ಲಿ ಉಪ್ಪು. ಮರ ಕಪ್ಪು, ಉಪ್ಪು ಬಿಳಿ, ಅನ್ನದ ಬಿಳುಪಿನೊಂದಿಗೆ ಬೆರೆಯುವ ಭಯವೂ ಇಲ್ಲ. ನಾನು ಓದಿದ ಮೂರು ನಾಲ್ಕು ಪ್ರಬಂಧಗಳು ಒಂದು ಮರಿಗೆಯಲ್ಲಿ ಹಿಡಿದವು. ಅಂದು ಬೆಳ್ತಿಗೆಯ ಅನ್ನ, ಏಳು ಮಂದಿ ನೆಂಟರು, ಮಾವ ಉಪ್ಪಿನ ಮಾತೇ ಎತ್ತಲಿಲ್ಲ.

ಇನ್ನೊಂದು ಸಣ್ಣ ಬದಲಾವಣೆಯನ್ನು ಭಾವ ಮಾಡಿದ. ಟಿ.ವಿ.ಯ ಎದುರು ಅಪ್ಪನ ಕುರ್ಚಿಯನ್ನು ಬಲಕ್ಕೆ ಎಳೆದು, ನೆಂಟರು ಕುಳಿತುಕೊಳ್ಳುವ ಬೆಂಚು ಅವರ ಎಡಕ್ಕೆ ಬರುವಂತೆ, ಬಲಕ್ಕೆ ಬರೀ ಗೋಡೆ ಇರುವಂತೆ ಮಾಡಿದ. ನರ್ಸ್ ಮುಂದಿನ ಸಲ ಬಂದಾಗ ಮಾವ ಮೊದಲೇ ನಕ್ಕರು.

ನೋಟವನ್ನು ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ಗುರಿ ಮುಟ್ಟಿಸುವ ಅಭ್ಯಾಸದಿಂದ ಎಡಬದಿಯ ಅಲಕ್ಷ್ಯ ಇಳಿಯುತ್ತದೆ ಎಂದು ಈವ್ ರೊಸೆಟ್ಟಿ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದರು. ನಮಗೆ ಅದರ ಅಗತ್ಯ ಬೀಳಲಿಲ್ಲ. ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಗುಣವಾಗುವ ಪಾಲು ದೊಡ್ಡದಿರುತ್ತದೆ, ಆದ್ದರಿಂದ ಮರಿಗೆ ಎಷ್ಟು ಮಾಡಿತು, ಕಾಲ ಎಷ್ಟು ಮಾಡಿತು ಎಂದು ಬೇರ್ಪಡಿಸಲು ಈ ಪ್ರಕರಣದಿಂದ ಆಗದು.

ಕೊನೆಯ ಪರೀಕ್ಷೆ

ಸಂಕ್ರಾಂತಿ ಕಳೆದು ಹೋದಾಗ ಮರಿಗೆ ಮತ್ತೆ ಅಟ್ಟಕ್ಕೆ ಏರಿತ್ತು, ಉಪ್ಪು ಎಲೆಯ ಮೇಲೆಯೇ. ಊಟದ ನಡುವೆ ಮಾವ ತಲೆ ಎತ್ತಿ, "ಉಪ್ಪು ಹಾಕಲಿಲ್ಲ" ಎಂದರು. ಅತ್ತೆಯ ಮುಖ ಸಪ್ಪಗಾಯಿತು. "ಮತ್ತೆ ಶುರುವಾಯಿತಾ?" ಎಂದು ನನ್ನತ್ತ ನೋಡಿದರು.

ನಾನು ಎಲೆಯ ಮುಂದೆಯೇ ಎದುರು ಕುಳಿತು ಕೈಗಳನ್ನು ಅಗಲಿಸಿದೆ. ಮೂಗು ನೋಡಿ ಎಂದೆ. ಎರಡೂ ಬೆರಳುಗಳನ್ನು ಆಡಿಸಿದೆ.

"ಎರಡೂ" ಎಂದರು. ಮತ್ತೆ ಆಡಿಸಿದೆ. "ಎರಡೂ. ನನ್ನ ಎಡಕ್ಕಿರುವ ಬೆರಳಿನಲ್ಲಿ ಉಂಗುರ ಇದೆ, ಹೊಸದಾ?"

ಹೊಸದೇ. ಅತ್ತೆ ಒಂದು ಕ್ಷಣ ಅವರನ್ನು ನೋಡಿದರು. ಆಮೇಲೆ ಉಪ್ಪಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು.